ಹೂದಾನಿಯ ನೀರು

ಬೀದಿಯ ಮಕ್ಕಳು ಅವಳಿಗಿಟ್ಟ ಹೆಸರು ಕತ್ತರಿಯಮ್ಮ. ಸೊಂಟದ ಪುಟ್ಟ ಚೀಲದಲ್ಲಿ ಸದಾ ಒಂದು ಕತ್ತರಿ ಇಟ್ಟುಕೊಂಡಿರುತ್ತಿದ್ದಳು. ಗಾಳಿಪಟದ ದಾರ ಸಿಕ್ಕಾದರೂ, ಅಂಗಿಯ ಗುಂಡಿಯಿಂದ ನೂಲು ಜೋತರೂ ಮಕ್ಕಳು ಓಡಿ ಬರುತ್ತಿದ್ದದ್ದು ಅವಳ ಬಳಿಗೇ. ಆದರೆ ಆ ಕತ್ತರಿಯ ನಿಜವಾದ ಕೆಲಸ ಹೂವಿನ ದಂಟು ಕತ್ತರಿಸುವುದು.

ಮೂಲೆಯ ಹೂವಿನಂಗಡಿಯಲ್ಲಿ ದಂಟು ಬಗ್ಗಿದ ಹೂಗಳನ್ನು ಯಾರೂ ಕೊಳ್ಳುತ್ತಿರಲಿಲ್ಲ. ಅಂಗಡಿಯಾಕೆ ಅವನ್ನು ಇವಳಿಗೆಂದೇ ಎತ್ತಿಡುತ್ತಿದ್ದಳು. ಮನೆಗೆ ತಂದವಳೇ ಬೋಗುಣಿಯ ನೀರಿನೊಳಗೇ ದಂಟನ್ನು ಹಿಡಿದು ಓರೆಯಾಗಿ ಕತ್ತರಿಸುವಳು. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತು ಹಾಕುವಳು. ಆಮೇಲೆ ಒಂದು ಎತ್ತರದ ಸುಗಂಧರಾಜ, ಅದರ ಭುಜದ ಮಟ್ಟಕ್ಕೆ ಎರಡು ಗುಲಾಬಿ, ಕೆಳಗೆ ಸೇವಂತಿಗೆ. ಬಗ್ಗಿದ್ದನ್ನು ನೆಟ್ಟಗೆ ಮಾಡಲು ಹೋಗುತ್ತಿರಲಿಲ್ಲ. ಹೂದಾನಿಯ ಅಂಚಿಗೆ ಒರಗಿಸಿದರೆ ಅದು ಕಿಟಕಿಯಿಂದ ಬೀದಿ ನೋಡುವ ಹುಡುಗಿಯ ಹಾಗೆ ಕಾಣುತ್ತಿತ್ತು.

ಬಂದವರೆಲ್ಲ ಕೇಳುತ್ತಿದ್ದರು: "ನಿಮ್ಮನೇಲಿ ಹೂವು ಬಾಡೋದೇ ಇಲ್ವಲ್ಲ!"

"ನಮ್ಮನೆ ಗಾಳಿನೇ ಹಾಗೆ," ಎನ್ನುತ್ತಿದ್ದ ಗಂಡ. ಅವನು ಗಡಿಯಾರ ರಿಪೇರಿ ಮಾಡುವವನು. ಕೂದಲೆಳೆಯಷ್ಟು ತೆಳ್ಳನೆಯ ಸ್ಪ್ರಿಂಗ್ ಸೊಟ್ಟಗಾದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಹೆಂಡತಿ ದಿನಾ ಬೆಳಿಗ್ಗೆ ಹೂದಾನಿ ಖಾಲಿ ಮಾಡಿ, ಒಳಗಿನ ಲೋಳೆಯನ್ನು ಉಜ್ಜಿ ತೊಳೆದು, ದಂಟಿನ ತುದಿ ಕತ್ತರಿಸಿ, ಹೊಸ ನೀರು ತುಂಬುವುದು ಮಾತ್ರ ಮದುವೆಯಾದಾಗಿನಿಂದ ಒಮ್ಮೆಯೂ ಬಿದ್ದಿರಲಿಲ್ಲ.

ಒಂದು ದಿನ ಹೂವಿನಂಗಡಿಯಾಕೆ, "ನನ್ನ ಮಂಡಿ ಕೈಕೊಟ್ಟಿದೆ ಕಣೇ. ಬೆಳಗಿನ ಹೊತ್ತು ನೀನು ಬಾ. ಹೋಟೆಲಿಗೆ, ಆಸ್ಪತ್ರೆಗೆ ಹೋಗೋ ಹೂದಾನಿಗಳನ್ನೆಲ್ಲ ನೀನೇ ಜೋಡಿಸು," ಅಂದಳು. ಕತ್ತರಿಯಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇರೆಯವರು ಎಸೆದ ಹೂವಲ್ಲ, ಬಕೆಟ್ಟುಗಟ್ಟಲೆ ತಾಜಾ ಹೂವು, ಅವಳ ಕೈಗೆ!

ಗಂಡ ಕಣ್ಣಿನ ಭೂತಗನ್ನಡಿಯನ್ನು ಹಣೆಗೇರಿಸಿದ. "ಹೋಗು, ಬೇಡ ಅನ್ನೋನಲ್ಲ ನಾನು. ಆದ್ರೆ ಮನೇಲಿ ಏನಾದ್ರೂ ಏರುಪೇರಾಯ್ತೋ, ಅವತ್ತಿಗೇ ನಿಲ್ಲಿಸಿಬಿಡಬೇಕು."

"ಅಮ್ಮ, ನೀನು ಹೋಗಿದ್ದೇ ನಮಗೆ ಗೊತ್ತಾಗಲ್ಲ ಬಿಡು," ಎಂದ ಮಗ. ಮೀಸೆ ಬಂದ ಮಗ, ಕೆಲಸಕ್ಕೆ ಹೋಗುವವನು. ಪಾಪ, ಅಮ್ಮನಿಗೆ ಧೈರ್ಯ ಹೇಳಿದೆನೆಂದೇ ಅವನು ತಿಳಿದಿದ್ದ.

ಅತ್ತೆ ಹೂದಾನಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಅವಳು ಇನ್ನಷ್ಟು ಬೇಗ ಏಳತೊಡಗಿದಳು. ಅಡುಗೆ, ಬಟ್ಟೆ ಒಗೆತ, ಅತ್ತೆಯ ಮಾತ್ರೆ, ಗಂಡನ ಅಂಗಿಗೆ ಇಸ್ತ್ರಿ, ಎಲ್ಲ ಮುಗಿಸಿಯೇ ಹೊರಡುತ್ತಿದ್ದಳು. ಹೂವಿನ ಗಾಡಿ ಬೆಳಕು ಹರಿಯುವಾಗಲೇ ಬರುತ್ತಿದ್ದುದರಿಂದ ಒಂದೇ ಒಂದು ಕೆಲಸ ಉಳಿಯುತ್ತಿತ್ತು. "ಹೂದಾನಿ ನೀರು ಸ್ವಲ್ಪ ನೋಡ್ಕೋ ಮಗನೇ," ಅಂದಳು. "ಆಯ್ತಮ್ಮ," ಅಂದ ಅವನು.

ಅಂಗಡಿಯಲ್ಲಿ ಅವಳ ಕೈ ಹಾರಾಡಿತು. ಹೋಟೆಲಿನವರು, "ಅದೇ ಕೈಯಿಂದ ಜೋಡಿಸಿದ್ದು ಬೇಕು," ಎಂದು ಹೇಳಿ ಕಳಿಸಿದರು. ಯಾರ ಕೈ ಅಂತ ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಿದ್ದು ಅದೇ ಮೊದಲು. ನಸುಕಿನ ತಣ್ಣೀರಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಅದನ್ನು ಮನೆಯಲ್ಲಿ ಹೇಳಿಕೊಳ್ಳಲಿಲ್ಲ. ಹೇಳಿದರೆ ಅದೂ ಏರುಪೇರಿನ ಲೆಕ್ಕಕ್ಕೆ ಸೇರುತ್ತಿತ್ತಲ್ಲ.

ಮೊದಲ ವಾರ ಕಳೆಯುವ ಮುಂಚೆ ಒಂದು ಮಧ್ಯಾಹ್ನ ಮನೆಗೆ ಬಂದರೆ, ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಸೋಫಾ ಮಗುಚಿಕೊಂಡಿದೆ, ಕಪಾಟು ಗೋಡೆ ಬಿಟ್ಟು ಮುಂದೆ ಬಂದಿದೆ. ಗಂಡ ಮೂಗಿಗೆ ಬಟ್ಟೆ ಕಟ್ಟಿಕೊಂಡು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದ್ದಾನೆ. ಮಗ ಪೊರಕೆಯ ಹಿಡಿಯಿಂದ ಕಪಾಟಿನ ಸಂದಿ ತಿವಿಯುತ್ತಿದ್ದಾನೆ.

"ಇಲಿ ಸತ್ತಿದೆ!" ಗಂಡ ಎದ್ದು ಕೂತ. "ಮೂರು ದಿನದಿಂದ ನಾತ. ನಿನ್ನ ಮೂಗಿಗೆ ಬಡೀಲೇ ಇಲ್ವೇನೇ? ಊರವರ ಹೂವು ಮೂಸಿ ಮೂಸಿ ಮನೆ ವಾಸನೆನೇ ಮರೆತೋಯ್ತಾ? ನಾಳೆಯಿಂದ ಅಂಗಡಿ ಸಾಕು. ಮಾತಾಗಿತ್ತಲ್ಲ."

ಅಂಗಡಿಯಿಂದ ತಂದಿದ್ದ ಹೂವಿನ ಚೀಲ ಬದಿಗಿಟ್ಟು ಅವಳೂ ಮಂಡಿಯೂರಿದಳು. ಸೋಫಾ ಇದ್ದ ಜಾಗದಲ್ಲಿ ನೋಡಿದಳು, ಕಪಾಟಿನ ಹಿಂದೆ ನೋಡಿದಳು. ಇಲಿ ಇಲ್ಲ. ಕಟ್ಟಿದ ಮೂಗಿಗೆ ದಾರಿಯೂ ತಿಳಿಯಲಿಲ್ಲ. ಏಳಲು ಮೇಜಿನಂಚು ಹಿಡಿದಾಗ ಕಣ್ಣೆದುರಿಗೇ ಹೂದಾನಿ. ಒಳಗಿನ ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗಿತ್ತು. ಒಂದು ದಂಟನ್ನು ಎತ್ತಿದಳು. ಕೊಳೆತ ಬಾಳೆಹಣ್ಣಿನ ಹಾಗೆ ಬೆರಳಿಗೆ ಅಂಟಿತು.

ನಾತಕ್ಕೆ ಗಂಡ, ಮಗ ಇಬ್ಬರೂ ಒಟ್ಟಿಗೇ ಹಿಂದಕ್ಕೆ ಜಿಗಿದರು.

"ನಾನು ದಿನಾ ನೀರು ಹಾಕಿದೀನಮ್ಮ!" ಮಗ ಕೂಗಿದ. "ಒಂದೊಂದು ಲೋಟ!"

"ಇದ್ದದ್ದನ್ನ ಚೆಲ್ಲಿದ್ಯಾ?"

"ಚೆಲ್ಲಬೇಕಿತ್ತಾ?"

ಕುರ್ಚಿಯಿಂದ ಒಂದು ನಗು ಹೊರಟು ಕೆಮ್ಮಾಯಿತು. ಅತ್ತೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. "ಎಲ್ಲೋ ಹೋಯ್ತು ನಿನ್ನ ಮನೆ ಗಾಳಿ?" ಎಂದು ತನ್ನ ಮಗನನ್ನು ಕೇಳಿದಳು.

"ನಿನಗೆ ಗೊತ್ತಿತ್ತಾ ಅಮ್ಮ?" ಎಂದ ಗಂಡ.

"ಹೂದಾನಿ ಪಕ್ಕದಲ್ಲೇ ಕೂತಿರೋಳು ನಾನು. ಮೊದಲನೇ ದಿನವೇ ಗೊತ್ತಾಯ್ತು. ನೀವಾಗೇ ಕಂಡುಹಿಡೀರಿ ಅಂತ ಬಿಟ್ಟೆ. ಈ ಸೋಫಾ ಕೆಳಗೆ ಕಸ ಇರುತ್ತೆ ಅಂತ ನಿನಗೆ ಇವತ್ತಾದ್ರೂ ತಿಳೀತಲ್ಲ!"

ಕತ್ತರಿಯಮ್ಮ ಅಭ್ಯಾಸಬಲದಿಂದ ಹೂದಾನಿ ಎತ್ತಿಕೊಂಡು ಬಚ್ಚಲಿನ ಕಡೆ ಹೊರಟಿದ್ದಳು. ಬಾಗಿಲಲ್ಲಿ ನಿಂತಳು. ಇದನ್ನೀಗ ತೊಳೆದಿಟ್ಟರೆ ಸಂಜೆಯೊಳಗೆ ಎಲ್ಲರೂ ಮರೆಯುತ್ತಾರೆ, ನಾಳೆ ತಾನು ಮನೆಯಲ್ಲೇ ಉಳಿಯಬೇಕಾಗುತ್ತದೆ. ತಿರುಗಿ ಬಂದು ಹೂದಾನಿಯನ್ನು ಗಂಡನ ಕೈಗಿಟ್ಟಳು.

"ಬ್ರಷ್ಷು ನಲ್ಲಿ ಪಕ್ಕದಲ್ಲಿದೆ ರೀ. ತಳ ಚೆನ್ನಾಗಿ ಉಜ್ಜಿ. ಏರುಪೇರಾಗಿದ್ದು ನಾನು ಬಿಟ್ಟ ಕೆಲಸದಿಂದ ಅಲ್ಲ, ನೀವು ಯಾರೂ ಕಲೀದೇ ಇದ್ದ ಕೆಲಸದಿಂದ. ನಾಳೆ ನಾನು ಅಂಗಡಿಗೆ ಹೋಗ್ತೀನಿ."

ಗಂಡ ತಾಯಿಯ ಕಡೆ ನೋಡಿದ. ತಾಯಿ ಕಿಟಕಿಯ ಕಡೆ ನೋಡುತ್ತಿದ್ದಳು. ಅವನು ಬಚ್ಚಲಿಗೆ ನಡೆದ. ಬ್ರಷ್ಷಿನ ಸದ್ದಿನ ನಡುವೆ ಅವನ ದನಿ ಕೇಳಿಸಿತು: "ಇದನ್ನ ಎಷ್ಟು ದಿನಕ್ಕೊಂದ್ಸಲ ಮಾಡ್ಬೇಕು?"

"ದಿನಾ."

ಬ್ರಷ್ಷು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಮರುದಿನ ನಸುಕಿಗೆ ಅವಳು ಹೊರಡುವಾಗ ಮೇಜಿನ ಮೇಲೆ ತಿಳಿನೀರಿನ ಹೂದಾನಿಯಿತ್ತು. ಅವಳು ಹಿಂದಿನ ದಿನ ತಂದಿದ್ದ ಹೂಗಳನ್ನೆಲ್ಲ ಗಂಡ ಒಂದೇ ಅಳತೆಗೆ ಕತ್ತರಿಸಿದ್ದ. ಪರೇಡಿಗೆ ನಿಂತ ಪೊಲೀಸರ ಹಾಗಿದ್ದವು. ಬಗ್ಗಿದ ದಂಟಿನ ಗುಲಾಬಿಗೆ ತಂತಿ ಸುತ್ತಿ ಅದನ್ನೂ ನೆಟ್ಟಗೆ ನಿಲ್ಲಿಸಿದ್ದ, ಗಡಿಯಾರದ ತಂತಿ! ಅವಳ ಕೈ ತಾನಾಗಿ ಕತ್ತರಿಗೆ ಹೋಯಿತು. ಬೆರಳು ತುರಿಸಿದವು.

"ಸರಿಯಾಗಿದೆಯಾ?" ಗಂಡ ಬಾಗಿಲಲ್ಲಿ ನಿಂತಿದ್ದ, ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತ.

ಅವಳು ಕತ್ತರಿಯನ್ನು ಚೀಲದೊಳಕ್ಕೆ ತಳ್ಳಿ ಗುಂಡಿ ಹಾಕಿದಳು. "ನೀರು ಚೆನ್ನಾಗಿದೆ," ಎಂದು ಹೇಳಿ, ಹೂವಿನ ಗಾಡಿಯ ಸದ್ದು ಕೇಳಿ, ಮೆಟ್ಟಿಲಿಳಿದಳು.