ಬೀನೀ ಹೊಲದ ಕಾಗದ

ನನ್ನ ನಾದಿನಿ ವರ್ಡೆಲ್ ಗ್ಯಾಸ್ಕಿನ್ ತೀರಿಕೊಂಡು ಈ ಮಾರ್ಚಿಗೆ ಎರಡು ವರ್ಷವಾಯಿತು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು, ಭಕ್ತೆ, ಎಲ್ಲರಿಗೂ ಬೇಕಾದವಳು ಎಂದು ಅವಳ ಮಣ್ಣಿನ ದಿನ ಚರ್ಚಿನಲ್ಲಿ ಹಂಚಿದ ಹಾಳೆಯಲ್ಲಿ ನಾಲ್ಕು ಸಾಲು ಹಾಕಿದ್ದರು. ಅದು ಸುಳ್ಳಲ್ಲ. ಆದರೆ ಅವಳು ಹುಡುಕಿ ತೆಗೆದ ಸಂಗತಿ ಅದರಲ್ಲಿ ಇರಲಿಲ್ಲ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಅದೂ ಹತ್ತಿ ಬಿಡಿಸುವ ತಿಂಗಳುಗಳನ್ನು ಬಿಟ್ಟು. ಆದರೂ ಅದು ಸಿಕ್ಕ ದಿನ ಅವಳ ಪಕ್ಕದಲ್ಲಿ ಕೂತಿದ್ದವಳು ನಾನೊಬ್ಬಳೇ.

ವರ್ಡೆಲ್ ತೆಳ್ಳಗೆ, ಉದ್ದಕ್ಕೆ ಇದ್ದಳು. ಬೆಂಕಿಕಡ್ಡಿ ಕಚ್ಚಿಕೊಂಡೇ ಮಾತಾಡುವಳು. ಮುಚ್ಚಳ ತೆಗೆಯದೆ, ಪಾತ್ರೆಯ ಸದ್ದು ಕೇಳಿಯೇ ಅನ್ನ ಆಗಿದೆಯೋ ಇಲ್ಲವೋ ಹೇಳುವಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ಗ್ಯಾಸ್ಕಿನ್ ಅನ್ನೋ ಹೆಸರು ಬಿಟ್ಟುಕೊಡುವಷ್ಟು ಒಳ್ಳೆಯ ಗಂಡಸು ಈ ಕೌಂಟಿಯಲ್ಲಿ ಹುಟ್ಟಲಿಲ್ಲ ಅನ್ನುವಳು. ಆ ಹೆಸರಿನ ಮೇಲೆ ಅವಳಿಗೆ ಅಷ್ಟು ಹೆಮ್ಮೆ. ಅವಳಿಗಷ್ಟೇ ಅಲ್ಲ, ನಾನು ಸೊಸೆಯಾಗಿ ಬಂದ ಆ ಮನೆಯ ಎಲ್ಲರಿಗೂ. ಯಾಕೆಂದರೆ ದಕ್ಷಿಣ ಕೆರೊಲಿನಾದ ಈ ಮೂಲೆಯಲ್ಲಿ, ನಮ್ಮ ಕರಿಯ ಜನರೆಲ್ಲ ಒಬ್ಬನಲ್ಲ ಒಬ್ಬ ಬಿಳಿ ದೊರೆಯ ಸೊತ್ತಾಗಿದ್ದ ಗುಲಾಮಗಿರಿಯ ಕಾಲದಲ್ಲಿ, ಅವರ ಮುತ್ತಜ್ಜ ಪ್ರಿನ್ಸ್ ಗ್ಯಾಸ್ಕಿನ್ ಸ್ವತಂತ್ರನಾಗಿದ್ದ. ಬಡಗಿ ಕೆಲಸ ಮಾಡಿ ಅರವತ್ತು ಎಕರೆ ಕೊಂಡಿದ್ದ. ಆ ಅರವತ್ತು ಎಕರೆಯಲ್ಲೇ ನಾವೆಲ್ಲ ಮನೆ ಕಟ್ಟಿಕೊಂಡಿದ್ದೇವೆ, ಸತ್ತವರನ್ನೂ ಅಲ್ಲೇ ಹೂಳಿದ್ದೇವೆ. "ನಮ್ಮೋರನ್ನ ಯಾರೂ ಮಾರಿಲ್ಲ" ಅನ್ನುವುದು ಆ ಮನೆಯಲ್ಲಿ ಊಟದ ಮೊದಲಿನ ಪ್ರಾರ್ಥನೆಯಷ್ಟೇ ಸಲೀಸಾಗಿ ಬಾಯಿಗೆ ಬರುವ ಮಾತು.

ಪ್ರಿನ್ಸನ ಗೋರಿಗೆ ಕಲ್ಲಿರಲಿಲ್ಲ, ಒಂದು ದೇವದಾರು ಹಲಗೆ ಇತ್ತು, ಅದೂ ಕೊಳೆತು ಹೋಗಿತ್ತು. ಸಾವಿರದ ಒಂಬೈನೂರ ಎಂಬತ್ತೊಂದರ ಆಗಸ್ಟಿನಲ್ಲಿ, ಊರುಬಿಟ್ಟು ಹೋದವರೆಲ್ಲ ಮರಳಿ ಸೇರುವ ಹೋಮ್‌ಕಮಿಂಗ್ ಭಾನುವಾರದಂದು, ಗ್ರಾನೈಟ್ ಕಲ್ಲು ನಿಲ್ಲಿಸುವುದೆಂದು ಮನೆಯವರು ಗೊತ್ತುಮಾಡಿದರು. ಕಲ್ಲಿನ ಮೇಲೆ ಏನು ಬರೆಯಬೇಕೆಂದು ಹುಡುಕುವ ಕೆಲಸ ವರ್ಡೆಲ್‌ಗೆ ಬಂತು. ಹೆಂಡತಿಯ ಹೆಸರು, ಮಕ್ಕಳ ಹೆಸರು, ಇಸವಿ, ಎಲ್ಲ ದಾಖಲೆಯಿಂದಲೇ ಇರಬೇಕು, ಬಾಯಿಮಾತು ಬೇಡ ಎಂದು ಅವಳೇ ಹಟ ಹಿಡಿದಳು. ಜುಲೈ ಮುಗಿಯುವುದರೊಳಗೆ ಕಲ್ಲು ಕೆತ್ತುವವನಿಗೆ ಬರೆದುಕೊಡಬೇಕಿತ್ತು. ಕೋರ್ಟಿನ ಭೂಮಿ ಪುಸ್ತಕಗಳು ಕರುವಿನಷ್ಟು ಭಾರ. ಹಾಳೆ ಮಗುಚಲು ನನ್ನನ್ನು ಜೊತೆಗೆ ಕರೆದೊಯ್ದಳು.

ಮೊದಲು ಹೋದದ್ದು ಲೈಬ್ರರಿಗೆ. ಹಳೆಯ ಜನಗಣತಿಯೆಲ್ಲ ಅಲ್ಲಿ ಫಿಲಂ ಸುರುಳಿಯಲ್ಲಿದೆ. ಕೈಯಿಂದ ತಿರುಗಿಸುವ ಯಂತ್ರಕ್ಕೆ ಹಾಕಿ ನೋಡಬೇಕು. ಸಾವಿರದ ಎಂಟುನೂರ ಐವತ್ತರ ಗಣತಿಯಲ್ಲಿ ಪ್ರಿನ್ಸ್ ಸಿಕ್ಕ. ವಯಸ್ಸು ಮೂವತ್ತೈದು, ಬಡಗಿ, ಸ್ವತಂತ್ರ. ಆದರೆ ಆ ಮನೆಯಲ್ಲಿ ಅವನೊಬ್ಬನೇ. ಹೆಂಡತಿಯಿಲ್ಲ, ಮಕ್ಕಳಿಲ್ಲ. ವರ್ಡೆಲ್ ಎರಡು ವಾರ ಬೇರೆ ಮನೆಗಳಲ್ಲಿ ಹುಡುಕಿದಳು. ಕೊನೆಗೆ ಗುಲಾಮರ ಪಟ್ಟಿಯ ಸುರುಳಿ ಹಾಕಿದಳು. ಅದರಲ್ಲಿ ಗುಲಾಮರ ಹೆಸರು ಬರೆದಿಲ್ಲ. ಯಜಮಾನನ ಹೆಸರು, ಅದರ ಕೆಳಗೆ ಹೆಣ್ಣೋ ಗಂಡೋ, ವಯಸ್ಸೆಷ್ಟು, ಅಷ್ಟೇ. ತಿರುಗಿಸುತ್ತ ಇದ್ದವಳ ಕೈ ನಿಂತುಹೋಯಿತು. ಯಜಮಾನರ ಸಾಲಿನಲ್ಲಿ ಬರೆದಿತ್ತು, ಪ್ರಿನ್ಸ್ ಗ್ಯಾಸ್ಕಿನ್. ಕೆಳಗೆ ಒಬ್ಬ ಹೆಂಗಸು, ಇಪ್ಪತ್ತೆಂಟು. ಒಂದು ಹುಡುಗಿ, ಏಳು. ಒಬ್ಬ ಹುಡುಗ, ನಾಲ್ಕು.

ಅವಳ ಬಾಯಿಂದ ಬೆಂಕಿಕಡ್ಡಿ ಬಿತ್ತು. ಯಂತ್ರದ ದೀಪ ಆರಿಸಿ, ಕೈಚೀಲ ತೆಗೆದುಕೊಂಡು ಹೊರಗೆ ನಡೆದಳು. ಆ ದಿನ, ಮರುದಿನ ಅವಳು ಊಟ ಮುಟ್ಟಲಿಲ್ಲ. ನಾನು ಬೆಂಡೆಕಾಯಿ ಸೂಪು ಮಾಡಿಕೊಂಡು ಹೋದೆ. ಬಾಗಿಲು ತೆರೆದವಳು ಪಾತ್ರೆ ನೋಡಲಿಲ್ಲ. ನಮ್ಮ ಜನರನ್ನೇ ಗುಲಾಮರಾಗಿ ಇಟ್ಟುಕೊಂಡಿದ್ದನಲ್ಲ, ಅತ್ತಿಗೆ, ಅಂದಳು.

ನಾನು ಆ ಎರಡು ದಿನ ಬೆರಳು ಮಡಿಚಿ ಲೆಕ್ಕ ಹಾಕಿದ್ದೆ. ಪ್ರಿನ್ಸನ ಮಗ, ಅಂದರೆ ವರ್ಡೆಲ್‌ನ ಸ್ವಂತ ಅಜ್ಜ, ಜುಲೈ ಗ್ಯಾಸ್ಕಿನ್. ಅವನು ಹುಟ್ಟಿದ್ದು ನಲವತ್ತಾರರಲ್ಲಿ ಎಂದು ಬೈಬಲ್ಲಿನ ಒಳಹಾಳೆಯಲ್ಲಿದೆ. ಐವತ್ತರಲ್ಲಿ ಅವನಿಗೆ ನಾಲ್ಕು. ಆ ಪಟ್ಟಿಯ ಹುಡುಗ ಅವನೇ ಇರಬೇಕು, ಹೆಂಗಸು ಅವನ ತಾಯಿ ಇರಬೇಕು ಅಂದೆ. ವರ್ಡೆಲ್ ಸೂಪಿನ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಕೋರ್ಟಿನ ಕಚೇರಿಯಲ್ಲಿದ್ದ ಮಿಸ್ ಟೇಟಮ್ ಎಂಬ ಬಿಳಿ ಹುಡುಗಿ ಅದನ್ನು ಬಿಡಿಸಿ ಹೇಳಿದಳು. ನಮ್ಮನ್ನು ಮರ್ಯಾದೆಯಿಂದ 'ಮ್ಯಾಮ್' ಎಂದು ಕರೆದ ಮೊದಲ ಗುಮಾಸ್ತೆ ಅವಳು. ಆ ಕಾಲದಲ್ಲಿ ಯಾರನ್ನೂ ಬಿಡುಗಡೆ ಮಾಡಲು ಕಾನೂನು ಬಿಡುತ್ತಿರಲಿಲ್ಲವಂತೆ. ಸ್ವತಂತ್ರನಾದವನು ತನ್ನ ಹೆಂಡತಿ ಮಕ್ಕಳನ್ನು ದೊರೆಯಿಂದ ಕೊಂಡರೆ, ಕಾಗದದಲ್ಲಿ ಅವರು ಅವನ ಸೊತ್ತಾಗಿಯೇ ಉಳಿಯುತ್ತಿದ್ದರಂತೆ. ಅವಳೇ ಆ ಕ್ರಯಪತ್ರವನ್ನೂ ತೆಗೆದುಕೊಟ್ಟಳು. ಸೇಬ್ರಾ ಎಂಬ ಹೆಂಗಸು ಮತ್ತು ಅವಳ ಎರಡು ಮಕ್ಕಳು, ಕೊಂಡವನು ಪ್ರಿನ್ಸ್. ವರ್ಡೆಲ್ ಅದನ್ನು ಮೂರು ಸಲ ಓದಿಸಿಕೊಂಡಳು. ಮನೆಗೆ ಬರುವ ದಾರಿಯುದ್ದಕ್ಕೂ ಹಾಡಿಕೊಂಡು ಬಂದಳು. ಕಲ್ಲಿಗೆ ಹೆಂಡತಿಯ ಹೆಸರು ಸಿಕ್ಕಿತು, ಇನ್ನು ಆ ಹುಡುಗಿಯ ಹೆಸರೊಂದು ಸಿಕ್ಕರೆ ಮುಗಿಯಿತು ಅಂದಳು. ಪ್ರಿನ್ಸನಿಗೆ ಹೆಣ್ಣುಮಗಳಿದ್ದಳೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಹೆಸರು ಸಿಕ್ಕಿದ್ದು ಜೂನ್ ಒಂಬತ್ತು, ಮಂಗಳವಾರ. ಅರವತ್ತು ಎಕರೆಯ ಕ್ರಯದ ಇಸವಿ ಬೇಕೆಂದು ಭೂಮಿ ಪುಸ್ತಕ ತೆರೆದಿದ್ದೆವು. ಸಾವಿರದ ಎಂಟುನೂರ ಐವತ್ತೆರಡು, ಮಾರಿದವಳು ರೇಮ್ ದೊರೆಯ ವಿಧವೆ. ವರ್ಡೆಲ್ ಸರಸರನೆ ಓದಿಕೊಂಡು ಹೋದಳು. ಈ ಮರದಿಂದ ಆ ಹಳ್ಳದವರೆಗೆ, ಅಳತೆಯ ಕೋಲಿನಲ್ಲಿ ಅಷ್ಟು ಗಳ, ಇಷ್ಟು ಗಳ. ನಡುವೆ ತಡೆದಳು. ಆಮೇಲೆ ಮೆಲ್ಲಗೆ ಓದಿದಳು. "ನನ್ನ ವಶಕ್ಕೆ ಈ ದಿನ ಒಪ್ಪಿಸಲಾದ, ಬೈನಾ ಎಂಬ, ಸುಮಾರು ಒಂಬತ್ತು ವರ್ಷದ ನೀಗ್ರೋ ಹುಡುಗಿಗೆ ಪ್ರತಿಯಾಗಿ." ಕೆಳಗೆ ವಿಧವೆಯ ಸಹಿ. ಪಕ್ಕದಲ್ಲಿ ಪ್ರಿನ್ಸ್ ಗ್ಯಾಸ್ಕಿನ್, ಅವನ ಗುರುತು, ಒಂದು ಕತ್ತರಿಗೆರೆ.

ಇದು ಬೇರೆ ಯಾರೋ ಹುಡುಗಿ ಇರಬೇಕು ಎಂದು ವರ್ಡೆಲ್ ಪುಸ್ತಕ ಮುಚ್ಚಹೊರಟಳು. ಬೈನಾ ಅನ್ನೋ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಇಲ್ಲ ಅಂದಳು. ನಾನು ಹಾಳೆಯ ಮೇಲೆ ಕೈ ಇಟ್ಟೆ. ಅವಳಂತೆ ಕಣ್ಣಲ್ಲೇ ಓದಲು ನನಗೆ ಬಾರದು. ಒಂದೊಂದೇ ಅಕ್ಷರ ಹಿಡಿದು ಬಾಯಲ್ಲಿ ಹೇಳಿದರೆ ಮಾತ್ರ ನನಗೆ ಮಾತಾಗುತ್ತದೆ. ಹಾಗೇ ಹೇಳಿದೆ. ಬಿ. ಬೀ. ಬೀ-ನಾ. ಆ ಇಂಗ್ಲಿಷ್ ಅಕ್ಷರಗಳನ್ನು ಬೈನಾ ಅಂತಲೂ ಓದಬಹುದು, ಬೀನಾ ಅಂತಲೂ ಓದಬಹುದು.

ನಮ್ಮ ಹಳಬರ ನಾಲಿಗೆಯಲ್ಲಿ ಹೆಣ್ಣು ಹೆಸರಿನ ಕೊನೆಯ 'ಆ' ಹಾಗೇ ನಿಲ್ಲುವುದಿಲ್ಲ, 'ಈ' ಆಗುತ್ತದೆ. ನನ್ನ ಹೆಸರು ಐಡೆಲ್ಲಾ, ನನ್ನ ಅತ್ತೆ ಸಾಯುವವರೆಗೂ ಐಡೆಲೀ ಎಂದೇ ಕರೆದರು. ಸೇಬ್ರಾ ಆಗಿದ್ದರೆ ಸೇಬ್ರೀ. ಬೀನಾ ಆಗಿದ್ದರೆ ಬೀನೀ.

ಮನೆಯ ಹಿಂದೆ, ಹಳ್ಳದವರೆಗೆ ಇರುವ ನಮ್ಮ ಜಮೀನಿಗೆ ಬೀನೀ ಹೊಲ ಎಂದೇ ಹೆಸರು. ಬೀನ್ಸ್ ಬೆಳೆಯುವ ಹೊಲ ಎಂದು ಎಲ್ಲರೂ ತಿಳಿದಿದ್ದೆವು. ಹೆಸರೇ ಹಾಗಿದೆಯೆಂದು ಪ್ರತಿ ಏಪ್ರಿಲ್‌ನಲ್ಲಿ ಅಲ್ಲಿ ಬೆಣ್ಣೆ ಬೀನ್ಸ್ ಹಾಕುತ್ತಿದ್ದೆವು. ನನ್ನ ಗಂಡನ ಅಪ್ಪ ಹಾಕಿದರು, ನನ್ನ ಗಂಡ ಹಾಕಿದರು. ಆ ಮಣ್ಣಿಗೆ ಅದು ಒಗ್ಗುತ್ತಿರಲಿಲ್ಲ, ಆದರೂ ಬೇರೆ ಏನನ್ನೂ ಹಾಕಲಿಲ್ಲ. ಆ ವರ್ಷದ ಬಳ್ಳಿಗೆ ನಾನೇ ಕೋಲು ನೆಟ್ಟು ಬಂದಿದ್ದೆ.

ನಾನು ಎರಡನೇ ಸಲ ಹೇಳಬೇಕಾಗಲಿಲ್ಲ. ವರ್ಡೆಲ್ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು. ಮಿಸ್ ಟೇಟಮ್ ನೀರು ತಂದುಕೊಟ್ಟಳು. ಲೋಟ ಅಲ್ಲೇ ಉಳಿಯಿತು.

ಅವನ ಮೇಲೆ ಒತ್ತಾಯವಿತ್ತೋ, ಅವನೇ ಒಪ್ಪಿದನೋ, ಕಾಗದದಲ್ಲಿಲ್ಲ. ಸೇಬ್ರಾ ಅತ್ತಳೋ ಇಲ್ಲವೋ ಕಾಗದದಲ್ಲಿಲ್ಲ. ಆ ಹೊಲಕ್ಕೆ ಆ ಹೆಸರಿಟ್ಟವರು ಯಾರೆಂದೂ ಇಲ್ಲ. ಇಟ್ಟವಳು ತಾಯಿಯೇ ಇರಬೇಕು ಎಂದು ನಾನು ಅಂದುಕೊಂಡಿದ್ದೇನೆ. ವರ್ಡೆಲ್ ಆಮೇಲೆ ಸಾವಿರದ ಎಂಟುನೂರ ಎಪ್ಪತ್ತರ ಗಣತಿಯನ್ನೂ ನೋಡಿದಳು. ಗುಲಾಮರಿಗೆಲ್ಲ ಬಿಡುಗಡೆಯಾಗಿ ಐದು ವರ್ಷ ಕಳೆದಿತ್ತು. ಹಳ್ಳದ ಆಚೆ, ಮೂರು ಮೈಲಿ ದೂರದಲ್ಲಿ, ರೇಮ್ ಮನೆಯ ಅಡುಗೆಯವಳು ಬೀನಾ, ಇಪ್ಪತ್ತೇಳು. ಅವಳ ಮಗ, ಐದು ವರ್ಷ, ಹೆಸರು ಪ್ರಿನ್ಸ್. ಅಲ್ಲಿಂದ ಮುಂದೆ ಯಾವ ಪುಸ್ತಕದಲ್ಲೂ ಆ ತಾಯಿಮಗ ಸಿಗಲಿಲ್ಲ. ಆ ಮಗುವಿನ ಹೆಸರು ಓದಿದಾಗ ವರ್ಡೆಲ್ ಯಂತ್ರಕ್ಕೆ ಹಣೆ ತಾಗಿಸಿ ತುಂಬ ಹೊತ್ತು ಕೂತಳು.

ಮನೆಯ ಹಿರಿಯ ಡೀಕನ್ ಆರ್ಟಿಸ್, ವರ್ಡೆಲ್‌ಗೆ ದೊಡ್ಡಪ್ಪನ ಮಗ. ಚರ್ಚಿನ ಪ್ರಾರ್ಥನೆ ನಡೆಸುವವನು, ಕಲ್ಲಿನ ಯೋಚನೆಯೂ ಅವನದೇ. ಅವನ ವರಾಂಡದಲ್ಲಿ ಕೂತು ಅವಳು ಎಲ್ಲ ಹೇಳಿದಳು. ಅವನು ಮೊದಲು ನಂಬಲಿಲ್ಲ. ನಕಲು ತೋರಿಸಿದ ಮೇಲೆ ಅದನ್ನು ಮಡಚಿ ಅವಳ ಕೈಗೇ ಕೊಟ್ಟ. ಆಮೇಲೆ, ನ್ಯೂಯಾರ್ಕು, ಫಿಲಡೆಲ್ಫಿಯಾದಿಂದ ಮಕ್ಕಳು ಮರಿಗಳು ಬರುತ್ತಾರೆ, ಅವರಿಗೆ ಇದು ಬೇಡ ಅಂದ.

"ಅದು ಮುತ್ತಜ್ಜನ ಕಲ್ಲು ವರ್ಡೆಲ್. ಅವನನ್ನ ಕಟಕಟೆಗೆ ನಿಲ್ಲಿಸೋದಕ್ಕೆ ಅಲ್ಲ."

"ನಾನು ನಿಲ್ಲಿಸ್ತಿಲ್ಲ. ಅವನ ಮಕ್ಕಳ ಹೆಸರು ಬರೀರಿ ಅಂತ ನೀವೇ ಹೇಳಿದ್ರಿ. ಮಕ್ಕಳು ಇಬ್ಬರು."

"ಮಗ ಒಬ್ಬನಿಂದ ತಾನೇ ನಾವೆಲ್ಲ ಆಗಿದ್ದು?"

"ಆ ಮಗ ಎಲ್ಲಿ ಮಲಗಿದ, ಎಲ್ಲಿ ಉಂಡ? ಅವಳನ್ನ ಕೊಟ್ಟು ತಗೊಂಡ ನೆಲದ ಮೇಲೇನೇ ಅಲ್ವಾ?"

ಬೇಕಾದರೆ ಹುಡುಗಿಯ ಹೆಸರು ಹಾಕು, ಬೇರೆ ಒಂದಕ್ಷರ ಹಾಕಬೇಡ ಎಂದು ಡೀಕನ್ ಒಳಗೆ ಹೋದ. ಬರೀ ಹೆಸರಿದ್ದರೆ ಎಳೆಯದರಲ್ಲೇ ಜ್ವರ ಬಂದು ತೀರಿಹೋದಳು ಎಂದು ಎಲ್ಲರೂ ತಿಳಿದುಕೊಳ್ಳುತ್ತಾರೆ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಜುಲೈ ಇಪ್ಪತ್ಮೂರು, ಗುರುವಾರ, ನಾವಿಬ್ಬರೂ ಕಲ್ಲು ಕೆತ್ತುವವನ ಶೆಡ್ಡಿಗೆ ಹೋದೆವು. ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ ದಪ್ಪ ಮನುಷ್ಯ. ಪ್ರಿನ್ಸ್, ಹುಟ್ಟಿದ್ದು, ತೀರಿದ್ದು. ಸೇಬ್ರಾ, ಹುಟ್ಟಿದ್ದು, ತೀರಿದ್ದು. ಮಗ ಜುಲೈ, ಹಾಗೇ. ಬೀನಾ, ಹುಟ್ಟಿದ್ದು ಸಾವಿರದ ಎಂಟುನೂರ ನಲವತ್ತಮೂರು. ತೀರಿದ್ದು ಎಂದು ಅವನು ಕೇಳಿದ.

"ತೀರಿದ್ದು ಗೊತ್ತಿಲ್ಲ," ಅಂದಳು ವರ್ಡೆಲ್. "ಕೊಟ್ಟದ್ದು, ಐವತ್ತೆರಡು."

"ಮದುವೆ ಮಾಡಿ ಕೊಟ್ಟಿದ್ದಾ, ಮ್ಯಾಮ್?"

"ಒಂಬತ್ತು ವರ್ಷಕ್ಕೆ ಯಾರು ಮದುವೆ ಮಾಡ್ತಾರಪ್ಪಾ? ಕೊಟ್ಟದ್ದು ಅಂತ ಬರಿ. ನಾನು ಹೇಳಿದ ಹಾಗೇ ಬರಿ."

ಅವನು ನನ್ನ ಮುಖ ನೋಡಿದ. ಹೌದು ಎಂದು ತಲೆಯಾಡಿಸಿದೆ. ಹಾಗೇ ಬರೆದುಕೊಂಡ.

ಆಗಸ್ಟ್ ಹದಿನಾರರ ಭಾನುವಾರ ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. ಮರದ ಕೆಳಗೆ ಉದ್ದನೆಯ ಮೇಜುಗಳಲ್ಲಿ ಕೆಂಪನ್ನ, ಕರಿದ ಮೀನು, ಗೆಣಸಿನ ಕಡುಬು ಮುಚ್ಚಿಟ್ಟಿತ್ತು. ಕಲ್ಲಿಗೆ ಹೊದಿಸಿದ್ದ ಬಿಳಿ ಬಟ್ಟೆ ಸರಿಸಿ ಡೀಕನ್ ಆರ್ಟಿಸ್ ದೊಡ್ಡ ದನಿಯಲ್ಲಿ ಓದತೊಡಗಿದ. ಪ್ರಿನ್ಸನ ಹೆಸರು ಓದಿದ, ಸೇಬ್ರಾಳ ಹೆಸರು ಓದಿದ, ಮಗ ಜುಲೈಯ ಹೆಸರು ಓದಿದ. ನಾಲ್ಕನೇ ಸಾಲಿಗೆ ಬಂದು ಹೆಸರನ್ನೂ ಹುಟ್ಟಿದ್ದನ್ನೂ ಓದಿ ನಿಂತುಬಿಟ್ಟ. ಮುಂದೆ ನಿಂತಿದ್ದವರು ತಾವೇ ಬಗ್ಗಿ ಓದಿಕೊಂಡರು. ಓದಿದವರು ಹಿಂದಿನವರಿಗೆ ಹೇಳಿದರು.

ಫಿಲಡೆಲ್ಫಿಯಾದಿಂದ ಬಂದಿದ್ದ ಡೀಕನ್‌ನ ಸ್ವಂತ ಮಗಳು ಲೊರೀನ್ ಕೇಳಿದಳು. "ಕೊಟ್ಟದ್ದು ಅಂದ್ರೆ? ಯಾರಿಗೆ ಕೊಟ್ಟದ್ದು, ಅಪ್ಪಾ?"

ಡೀಕನ್ ವರ್ಡೆಲ್ ಕಡೆ ನೋಡಿದ. ವರ್ಡೆಲ್ ಬೆಂಕಿಕಡ್ಡಿಯನ್ನು ಬಾಯಿಂದ ತೆಗೆದಳು.

"ರೇಮ್ ವಿಧವೆಗೆ ಕೊಟ್ಟದ್ದು. ಅರವತ್ತು ಎಕರೆಗೆ. ಈಗ ನೀವೆಲ್ಲ ಅದರ ಮೇಲೇ ನಿಂತಿದ್ದೀರಿ."

ಲೊರೀನ್ ತನ್ನ ಬಿಳಿ ಚಪ್ಪಲಿಗಳನ್ನು ನೋಡಿಕೊಂಡಳು. ಒಂದು ಹೆಜ್ಜೆ ಹಿಂದಕ್ಕಿಟ್ಟಳು, ಮತ್ತೆ ಪಕ್ಕಕ್ಕಿಟ್ಟಳು. ಅವಳನ್ನು ನೋಡಿ ಪಕ್ಕದವರೂ ಸರಿದರು, ಅವರ ಹಿಂದಿನವರೂ ಸರಿದರು. ಇನ್ನೂರು ಜನ ಆ ಬಯಲಿನಲ್ಲಿ, ಕಾಲೆಲ್ಲಿ ಇಡಬೇಕೆಂದು ತಿಳಿಯದೆ, ಸುಮ್ಮನೆ ಅತ್ತ ಇತ್ತ ಸರಿಯುತ್ತಲೇ ಇದ್ದರು.