ವಸ್ತಿ ಬಸ್ಸಿನ ಎಲಿಜಬೆತ್

ಒಲೆಗೆ ಬೆಂಕಿ. ಹಂಡೆಗೆ ನೀರು. ಅತ್ತೆಗೆ ಗಂಜಿ, ಗಂಡ ಪೆದ್ರುವಿನ ಬುತ್ತಿಗೆ ರೊಟ್ಟಿ, ಮಗ ಜೋಯಲ್‌ನ ಅಂಗಿಗೆ ಕಿತ್ತುಹೋದ ಗುಂಡಿ. ಆಡುಗಳನ್ನು ಬಿಚ್ಚಿ ಹೊರಗೆ ಕಟ್ಟುವುದು, ಅಂಗಳ ಗುಡಿಸುವುದು, ತೊಳೆದ ಪಾತ್ರೆ ಬೋರಲು ಹಾಕುವುದು. ಆಮೇಲೆ ಖಾಕಿ ಅಂಗಿ ತೊಟ್ಟು ಬಸ್ ಡಿಪೋಗೆ ಬಂದು ಎಂಜಿನ್ ಆಯಿಲ್ ನೋಡುವುದು, ರೇಡಿಯೇಟರಿಗೆ ನೀರು ಹಾಕುವುದು, ಟೈರು ಬಡಿದು ಸದ್ದು ಕೇಳುವುದು, ಗಾಜು ಒರೆಸುವುದು. ಇಷ್ಟಾದ ಮೇಲೆ ಬೆಳಗಾಗುತ್ತಿತ್ತು. ಎಲಿಜಬೆತ್‌ಗೆ ಸಂಬಳ ಬರುತ್ತಿದ್ದುದು ಆಯಿಲ್ ನೋಡಿದಲ್ಲಿಂದ ಮುಂದಕ್ಕೆ.

ಡ್ರೈವರ್ ಸೀಟಿನಲ್ಲಿ ಕೂತಳೆಂದರೆ ಮಾತ್ರ ಬೇರೆಯೇ ಲೋಕ. ದಾಂಡೇಲಿ ದಾಟಿ ತೇಗದ ಕಾಡು ಶುರುವಾದ ಮೇಲೆ ರಸ್ತೆ ತಾನಾಗಿ ಬಂದು ಚಕ್ರಕ್ಕೆ ಸುತ್ತಿಕೊಳ್ಳುತ್ತಿದೆ ಎನಿಸುವುದು. ಕಾಳಿ ನದಿಯ ಮಂಜಿನೊಳಗಿಂದ ಮರಗಳು ಒಂದೊಂದಾಗಿ ನಡೆದು ಬಂದು, ಬಸ್ಸನ್ನು ನೋಡಿ ಬದಿಗೆ ಸರಿದು ದಾರಿ ಬಿಡುತ್ತಿದ್ದವು. ಮಂಗಟ್ಟೆ ಹಕ್ಕಿಯೊಂದು ದೊಡ್ಡ ರೆಕ್ಕೆ ಬೀಸುತ್ತ ಮುಂದೆ ಹಾಯುತ್ತಿತ್ತು. ರಸ್ತೆಬದಿಯ ಮನೆಗಳ ಹೊಗೆ ನೋಡಿದರೆ ಸಾಕು, ಯಾವ ಹೆಂಗಸು ಎದ್ದಿದ್ದಾಳೆ, ಯಾರಿಗೆ ಜ್ವರ ಬಂದಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಹೊಗೆ ಏಳದ ಮನೆಯ ಜಗಲಿಯ ಮೇಲೆ ಗಂಡಸೊಬ್ಬ ಕೈಕಟ್ಟಿ ಕೂತಿರುತ್ತಿದ್ದ.

ಸಂಜೆ ಹೋಗಿ, ಹಳ್ಳಿಯಲ್ಲೇ ಉಳಿದು, ಬೆಳಿಗ್ಗೆ ಮರಳುವ ವಸ್ತಿ ಬಸ್ಸೆಂದರೆ ಡ್ರೈವರುಗಳು ದೂರ ಓಡುತ್ತಿದ್ದರು. ಉಳವಿ ರಸ್ತೆಯಿಂದ ಕಾಡಿನೊಳಕ್ಕೆ ತಿರುಗುವ ವಸ್ತಿಗೆ ಯಾರೂ ಇಲ್ಲವಾದಾಗ ಎಲಿಜಬೆತ್ ತಾನಾಗಿ ಕೇಳಿದಳು. ಡ್ಯೂಟಿ ಹಂಚುವ ಮಹಾಬಳೇಶ್ವರ ಕನ್ನಡಕ ತೆಗೆದು ನೋಡಿದ.

"ಅಲ್ರೀ ಬಾಯಿ, ವಸ್ತಿ ಅಂದ್ರ ಗಂಡಸ್ರಿಗೆಲ್ಲಾ ಹೊಟ್ಟಿನೋವು ಬರ್ತೈತಿ. ನೀವು ಬೇಡಿ ತಗೊಳ್ಳಾಕತ್ತೀರಿ. ಮನ್ಯಾಗ ಜಗಳಾ ಏನ್?"

"ಜಗಳಾ ಇಲ್ರೀ. ನಿದ್ದಿ ಬೇಕಾಗೇತಿ."

ಅವನು ಬಿದ್ದು ಬಿದ್ದು ನಕ್ಕ. ಅವಳು ನಗಲಿಲ್ಲ. ವಸ್ತಿ ಮುಗಿಸಿ ಬಂದ ಗಂಡಸರು ಸೊಳ್ಳೆಯನ್ನು ಎಷ್ಟೇ ಬೈದರೂ ಅವರ ಕೆನ್ನೆಯ ಮೇಲೆ ದಿಂಬಿನ ಗೆರೆ ಇರುತ್ತಿದ್ದುದನ್ನು ಅವಳು ನೋಡಿದ್ದಳು. ಯಾರನ್ನೂ ಎಬ್ಬಿಸಬೇಕಿಲ್ಲದ ಒಂದು ಬೆಳಗು ಅವಳಿಗೆ ಬೇಕಿತ್ತು, ಅಷ್ಟೇ.

"ಅಡಗಿ ಹೆಂಗ?" ಎಂದು ಮನೆಯಲ್ಲಿ ಪೆದ್ರು ಕೇಳಿದ.

"ಅಕ್ಕಿ ಡಬ್ಬ್ಯಾಗ ಐತಿ. ಕೈ ನಿನ್ನ ಹತ್ರನ ಅದಾವು."

ಹಿಂದಿನ ಡ್ರೈವರುಗಳೆಲ್ಲ ವಸ್ತಿಯ ಊರಿನಲ್ಲಿ ಬಸ್ಸಿನೊಳಗೇ ಮಲಗುತ್ತಿದ್ದರು. ಮೊದಲ ವಸ್ತಿಯ ಸಂಜೆ ಕಂಡಕ್ಟರ್ ಪುಂಡಲೀಕ ಶಾಲೆಯ ಜಗಲಿಯ ಮೇಲೆ ಹಾಸಿಗೆ ಬಿಚ್ಚಿದ. ಎಲಿಜಬೆತ್‌ಳನ್ನು ಮಾತ್ರ ಎದುರು ಮನೆಯ ಮಹಾದೇವಕ್ಕ ಕೈಹಿಡಿದು ಇಳಿಸಿಕೊಂಡಳು.

"ಹೆಣ್ಮಗಳು ಗಾಡ್ಯಾಗ ಮಲಗೂದಂದ್ರ ಊರಿಗೇ ನಾಚಿಕಿ. ನೀ ನಮ್ಮ ಮನಿ ಮಗಳಿದ್ದಂಗ, ಬಾ."

ಮಗಳಾದ ಮೇಲೆ ಕೈಗೆ ಈಳಿಗೆ ಬರಲು ತಡವಾಗಲಿಲ್ಲ. ಮಹಾದೇವಕ್ಕನ ಮಂಡಿ ಊದಿತ್ತು. ಗಂಡನೂ ಬೆಳೆದ ಗಂಡುಮಕ್ಕಳೂ ಟಿವಿಯ ಮುಂದಿದ್ದರು. "ನೀ ಕೂಡ್ರವ್ವ, ದಣದೀ" ಎನ್ನುತ್ತಲೇ ಮುದುಕಿ ಗೋಡೆ ಹಿಡಿದು ಏಳುವಳು. ಅದನ್ನು ನೋಡುತ್ತ ಕೂರಲು ಎಲಿಜಬೆತ್‌ಗೆ ಆಗಲಿಲ್ಲ. ರೊಟ್ಟಿ ತಟ್ಟಿದಳು. ಪಾತ್ರೆ ತಿಕ್ಕಿದಳು. ಕತ್ತಲಿರುವಾಗಲೇ ಎದ್ದು ನೀರು ಸೇದಿದಳು. ಮುಂದಿನ ವಸ್ತಿಯಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ.

ಒಂದು ಮುಂಜಾನೆ ದಾಂಡೇಲಿಯ ಬಂಗೂರನಗರದ ಕಾಲೇಜಿಗೆ ಹೊರಟ ಹುಡುಗಿಯರು ಬಸ್ಸು ತುಂಬಿದ್ದರು. ಮಂಜು ಗಾಜನ್ನು ದಾಟಿ ಒಳಗೆ ಬಂದಂತಾಯಿತು. ಮೆತ್ತಗಿತ್ತು, ಬೆಚ್ಚಗೂ ಇತ್ತು. ರಸ್ತೆ ನೀರಾಯಿತು, ಬಸ್ಸು ದೋಣಿಯಾಯಿತು, ಯಾರೋ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲಲ್ಲಿ ಬೆರಳಾಡಿಸುತ್ತಿದ್ದರು. ಎಡಚಕ್ರ ಜಲ್ಲಿಗೆ ಇಳಿದು ಗರಗರ ಎಂದಿತು. ಅವಳು ಸ್ಟೀರಿಂಗ್ ಎಳೆದಳು. ಹಿಂದೆ ಹುಡುಗಿಯರು ಏನಕ್ಕೋ ನಗುತ್ತಲೇ ಇದ್ದರು. ಪುಂಡಲೀಕ ಮಾತ್ರ ಮುಂದೆ ಬಂದು ಕಂಬ ಹಿಡಿದು ನಿಂತ.

"ಬಾಯಿ, ಕಣ್ಣ ಹತ್ತಿತ್ತೇನ್ರೀ?"

"ಹೂಂ."

"ನಾ ಜಗಲಿ ಮ್ಯಾಗ ಹೆಣದಂಗ ಬಿದ್ದಿರ್ತೇನಿ. ನೀವಂತೂ ಮನಿಯೊಳಗ, ಗಾದಿ ಮ್ಯಾಗ..."

"ಗಾದಿ ನೋಡೇನೋ ಮಾರಾಯಾ. ಎಲ್ಲಾರ್ದೂ ಝಾಡಿಸಿ ಹಾಸೇನಿ."

ದಾಂಡೇಲಿ ಬರುವವರೆಗೂ ಅವನು ಕಂಬ ಬಿಟ್ಟು ಕದಲಲಿಲ್ಲ.

ಮುಂದಿನ ವಸ್ತಿಯ ಸಂಜೆ ಎಲ್ಲರೂ ಇಳಿದರು. ಪುಂಡಲೀಕ ಶಾಲೆಯ ಕಡೆ ಹೋದ. ಎಂಜಿನ್ ನಿಂತ ಮೇಲೆ ಕಾಡಿನ ಹಸಿರು ಬೆಳಕು ಮೆಲ್ಲಗೆ ಬಸ್ಸಿನೊಳಗೆ ಹತ್ತಿ, ಸೀಟುಗಳಲ್ಲಿ ಕೂತಿತು.

"ಎಲಿಜಬೆತ್, ಬಾರವ್ವಾ! ಹಿಟ್ಟ ಕಲಸೇನಿ!"

ಮಹಾದೇವಕ್ಕನ ದನಿಯಲ್ಲಿ ಜೋರಿರಲಿಲ್ಲ, ಮಂಡಿನೋವಿತ್ತು. ಎಲಿಜಬೆತ್‌ಳ ಮೈ ತಾನಾಗಿ ಎದ್ದಿತು. ಒಂದು ಕಾಲು ಮೆಟ್ಟಿಲ ಮೇಲಿತ್ತು. ಹೋದರೆ ಮುದುಕಿಗೆ ಇಂದು ಒಂದಿಷ್ಟು ಆರಾಮ. ಹೋಗದಿದ್ದರೆ ಟಿವಿಯ ಮುಂದಿನಿಂದ ಯಾರಾದರೂ ಎದ್ದಾರು. ಏಳಲಿಕ್ಕಿಲ್ಲ. ಬೆಳಿಗ್ಗೆ ಆ ಹುಡುಗಿಯರು ಮತ್ತೆ ಹತ್ತುತ್ತಾರೆ. ಅವರ ಪರವಾಗಿ ‘ಮಲಗು’ ಎನ್ನಲು ಇಲ್ಲಿ ಯಾರೂ ಇರಲಿಲ್ಲ. ಅವಳ ಪರವಾಗಿಯೂ.

ಅವಳು ಕಾಲು ಒಳಗೆಳೆದುಕೊಂಡಳು.

"ಅಕ್ಕಾ, ನಾ ಇಲ್ಲೇ ಮಲಗ್ತೇನಿ!"

"ಅಯ್ಯ, ಮಂದಿ ಏನಂದಾರು?"

"ಡ್ರೈವರ್ ಮಲಗ್ಯಾಳ ಅಂತಾರ!"

ಬಾಗಿಲು ಎಳೆದು ಒಳಗಿನಿಂದ ಚಿಲಕ ಹಾಕಿದಳು. ಹಿಂದಿನ ಉದ್ದ ಸೀಟಿನ ಮೇಲೆ ಚಾದರ ಹಾಸಿ ಕಾಲು ಚಾಚಿದಳು. ಎದುರು ಮನೆಯಿಂದ ರೊಟ್ಟಿ ತಟ್ಟುವ ಸದ್ದು ಶುರುವಾಯಿತು. ನಡುವೆ ನಿಂತಿತು. ಎಲಿಜಬೆತ್ ಕಣ್ಣು ತೆರೆದು ಕಾದಳು. ಸದ್ದು ನಿಧಾನವಾಗಿ, ಮೊದಲಿನ ಕೈಯದೋ ಬೇರೆ ಕೈಯದೋ ತಿಳಿಯದಂತೆ, ಮತ್ತೆ ಶುರುವಾಯಿತು. ಅವಳು ಎದ್ದು ನೋಡಲಿಲ್ಲ. ಕಿಟಕಿಗೆ ಬೆನ್ನು ಮಾಡಿ ಮಗ್ಗುಲಾದಳು.