ಓರೆಗೆರೆಯ ಆಚೆಯ ಸಣ್ಣಕ್ಷರ

ಹ್ಯಾಮಿಲ್ಟನ್ನಿನ ಆ ಸಂಶೋಧನಾ ಗ್ರಂಥಾಲಯದಲ್ಲಿ ಪೆನ್ಸಿಲ್ ಕೆಳಗೆ ಬಿದ್ದರೂ ನಾಲ್ಕು ತಲೆ ತಿರುಗುತ್ತವೆ. ಅಂಥ ಕಡೆ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಪದ್ಮಾವತಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು, "ಅಯ್ಯೋ ಶಿವನೇ! ಇದು ಟೈಪಿಸ್ಟು ಕಣೋ, ಟೈಪಿಸ್ಟು!" ಎಂದು ಅಪ್ಪಟ ಹಿರಿಯೂರಿನ ಗಂಟಲಲ್ಲಿ ಕೂಗಿಬಿಟ್ಟಳು.

ಎದುರು ಮೇಜಿನ ಅನೂಪ್ ಬೆಚ್ಚಿಬಿದ್ದ. ಧಾರವಾಡದಿಂದ ಓದಲು ಬಂದು ಇಲ್ಲೇ ಉಳಿದವನು. ಅಮೆರಿಕದ ಬಲಪಂಥೀಯ ಚಳವಳಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾನೆ. "ಏನಾತ್ರೀ ಆಂಟಿ? ಹಾವು ಗೀವು ಬಂತೇನು?" ಎಂದ. ಕಿವಿ ಹಕ್ಕಿಯ ಈ ದೇಶದಲ್ಲಿ ಹಾವೇ ಇಲ್ಲ ಎನ್ನುವುದು ಪಾಪ ಅವನಿಗೆ ಆ ಗಳಿಗೆಯಲ್ಲಿ ಮರೆತೇಹೋಗಿತ್ತು.

"ಹಾವಲ್ಲಪ್ಪ, ನಿನ್ನ ಡಿ ಎಂ! ಬಾ ಇಲ್ಲಿ, ಬೇಗ ಬಾ!"

ಅವಳ ಮುಂದಿದ್ದದ್ದು ಹನ್ನೊಂದು ಪೆಟ್ಟಿಗೆಗಳು. ಪುಕೆಕೊಹೆ ಊರಿನ ಈರುಳ್ಳಿ ಬೆಳೆಗಾರ ಗಾರ್ಡನ್ ವಿಲ್ಕಿ ಎಂಬಾತ ತೀರಿಕೊಂಡ ಮೇಲೆ ಮಗ ರಸೆಲ್ ಷೆಡ್ಡು ಖಾಲಿ ಮಾಡುವಾಗ ಸಿಕ್ಕಿದವು. ಒಳಗೆ ನೋಡಿದರೆ ಈರುಳ್ಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಅರವತ್ತರ ದಶಕದ ಕ್ಯಾಲಿಫೋರ್ನಿಯಾದ ಮೂರು ಸಂಘಟನೆಗಳ ಕರಪತ್ರಗಳು, ಪತ್ರಗಳ ಕಾರ್ಬನ್ ಪ್ರತಿಗಳು. ಒಂದು ತಾಯಂದಿರ ಸಂಘ, ಒಂದು ವ್ಯಾಪಾರಿಗಳದು, ಇನ್ನೊಂದು ಚರ್ಚಿಗೆ ಹೋಗುವವರದು. ಶಾಲೆಯ ಪುಸ್ತಕಗಳಲ್ಲಿ ಕಮ್ಯುನಿಸ್ಟರು ನುಸುಳಿದ್ದಾರೆ, ವಿಶ್ವಸಂಸ್ಥೆ ನಮ್ಮ ಮಕ್ಕಳನ್ನು ಹಾಳು ಮಾಡುತ್ತಿದೆ ಎಂದು ಮೂರೂ ಒಂದೇ ಸಮನೆ ಬೊಬ್ಬೆ ಹೊಡೆದಿದ್ದವು.

ಗ್ರಂಥಾಲಯದ ಸಂಗ್ರಹಗಳನ್ನು ನೋಡಿಕೊಳ್ಳುವ ರಾವಿರಿ ಒಳ್ಳೆಯ ಮನುಷ್ಯ. ಆದರೆ ಜಾಗ ಇಲ್ಲ ಎನ್ನುವುದರಲ್ಲಿ ಕಟುಕ. "ಈ ಸಂಘಟನೆಗಳ ಕಾಗದಗಳೆಲ್ಲ ಅಮೆರಿಕದ ವಿಶ್ವವಿದ್ಯಾಲಯಗಳಲ್ಲೇ ಇವೆ, ನಮಗೇಕೆ?" ಎಂದು ವಿಲೇವಾರಿಗೆ ಶಿಫಾರಸು ಬರೆದಿದ್ದ. ಗುರುವಾರ ಸಮಿತಿ ಸಭೆ. ಸಮಿತಿ ಹೂಂ ಎಂದರೆ ಶುಕ್ರವಾರ ಪೆಟ್ಟಿಗೆಗಳು ಚೂರುಮಾಡುವ ಯಂತ್ರಕ್ಕೆ. ಹೋಗುವ ಮೊದಲು ಒಂದು ಪಟ್ಟಿ ಇರಲಿ ಎಂದು ಪದ್ಮಾವತಿಗೆ ಒಪ್ಪಿಸಿದ್ದ, ಅಷ್ಟೆ.

ಪ್ರತಿ ಪತ್ರದ ಕೊನೆಗೆ, ಎಡ ಮೂಲೆಯಲ್ಲಿ ಒಂದು ಗುರುತು. ಮೊದಲು ದೊಡ್ಡ ಅಕ್ಷರಗಳು, ಆಮೇಲೆ ಒಂದು ಓರೆಗೆರೆ, ಅದರಾಚೆ ಸಣ್ಣಕ್ಷರದಲ್ಲಿ ಡಿ ಎಂ. ಅನೂಪ್ ಅದನ್ನು 'ಡೈರೆಕ್ಟ್ ಮೇಲ್' ಎಂದು ಓದಿದ್ದ. ಆ ಚಳವಳಿಗಳು ಬೆಳೆದದ್ದೇ ಮನೆಮನೆಗೆ ಅಂಚೆ ಕಳಿಸಿ ಎಂದು ಹತ್ತು ಪುಸ್ತಕಗಳ ಹೆಸರು ಹೇಳಿದ್ದ. ಪದ್ಮಾವತಿಯೂ ಪಾಪ, ಓದಿದವನು ಹೇಳುತ್ತಾನೆ ಎಂದು ನಾಲ್ಕು ದಿನ ಹಾಗೆಯೇ ಪಟ್ಟಿ ಮಾಡಿದ್ದಳು. ಓದಿದವರು ಹೇಳಿದರೆಂದು ಕಣ್ಣು ಮುಚ್ಚಿಕೊಳ್ಳುವ ಚಾಳಿ ನಮ್ಮಲ್ಲಿ ಯಾರಿಗಿಲ್ಲ ಹೇಳಿ!

ಆದರೆ ಬೆರಳುಗಳು ಮರೆಯುವುದಿಲ್ಲ. ಹಿರಿಯೂರಿನ ಬಸ್ ಸ್ಟ್ಯಾಂಡಿನ ಹಿಂದೆ ಶ್ರೀರಂಗ ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟು. ಹದಿನೆಂಟರ ಪದ್ಮಾವತಿ ಅಲ್ಲಿ ಸೀನಿಯರ್ ಗ್ರೇಡ್ ಇಂಗ್ಲಿಷ್ ಪಾಸು ಮಾಡಿದವಳು. ಮೇಷ್ಟ್ರು ಸ್ಕೇಲು ಕುಟ್ಟುತ್ತ ಹೇಳುತ್ತಿದ್ದರು: "ಗೆರೆ ಈಚೆ ದೊಡ್ಡಕ್ಷರ, ಬಾಯಲ್ಲಿ ಹೇಳಿದೋನದು. ಆಚೆ ಸಣ್ಣಕ್ಷರ, ಕೈಯಲ್ಲಿ ಬಡಿದೋಳದು. ತಪ್ಪಾದ್ರೆ ಯಾರಿಗೆ ಬೈಯಬೇಕು ಅಂತ ಗೊತ್ತಾಗ್ಬೇಕಲ್ಲ!" ಆಮೇಲೆ ಚಿತ್ರದುರ್ಗದ ವಕೀಲರೊಬ್ಬರ ಆಫೀಸಿನಲ್ಲಿ ಒಂಬತ್ತು ವರ್ಷ. ಸಾವಿರಾರು ಕಾಗದಗಳ ಮೂಲೆಯಲ್ಲಿ ಅವಳು ಅಪ್ಪನ ಹೆಸರಿನ ಟಿ ಸೇರಿಸಿಕೊಂಡು ಸಣ್ಣಕ್ಷರದ ಪಿ ಟಿ ಆಗಿ ಕೂತಳು. ಒಬ್ಬರಾದರೂ ಅದನ್ನು ನೋಡಿದ್ದರೆ ಕೇಳಿ.

ಮದುವೆಯಾಗಿ, ರಸ್ತೆ ಎಂಜಿನಿಯರ್ ತಿಪ್ಪೇಸ್ವಾಮಿಯ ಜೊತೆ ಇಲ್ಲಿಗೆ ಬಂದು, ಸೂಪರ್‌ಮಾರ್ಕೆಟ್ಟಿನ ಕೌಂಟರಿನಲ್ಲಿ ಆರು ವರ್ಷ ನಿಂತು, ರೊಟೊಟೂನ ಬಡಾವಣೆಯ ಮನೆಯಲ್ಲಿ ಅಡಿಗೆ ಮಾಡುತ್ತಲೇ ಗ್ರಂಥಾಲಯದ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಸೇರಿದ್ದಳು. ಟೈಪಿಂಗ್ ಕಲಿತದ್ದನ್ನು ಯಾರಿಗೂ ಹೇಳಿರಲಿಲ್ಲ. ಈಗ ಯಾರಿಗೆ ಬೇಕು ಅದು ಎಂದುಕೊಂಡಿದ್ದಳು.

"ನೋಡು," ಎಂದು ಮೂರು ಸಂಘಟನೆಗಳ ಮೂರು ಪತ್ರಗಳನ್ನು ಸಾಲಾಗಿ ಇಟ್ಟಳು. "ದೊಡ್ಡಕ್ಷರ ಮೂರೂ ಬೇರೆಬೇರೆ. ಸಣ್ಣಕ್ಷರ ಒಂದೇ. ಇಲ್ನೋಡು, ಮೂರರಲ್ಲೂ ಸಣ್ಣ 'ಎ' ಅಕ್ಷರ ಸಾಲಿಂದ ಒಂಚೂರು ಕೆಳಗೆ ಕೂತಿದೆ. ಒಂದೇ ಮೆಷಿನ್ನು, ಒಬ್ಳೇ ಹುಡುಗಿ!"

ಅನೂಪ್ ಬಗ್ಗಿದ. ಭೂತಗನ್ನಡಿ ಹಿಡಿದ. ಬಾಯಿ ತೆರೆದದ್ದು ಮುಚ್ಚಲಿಲ್ಲ. "ಆಂಟಿ, ಈ ಮೂರಕ್ಕೂ ಏನೂ ಸಂಬಂಧ ಇಲ್ಲ ಅಂತ ನಾ ಎರಡು ಅಧ್ಯಾಯ ಬರದೀನ್ರೀ!"

"ಹರಿದು ಹಾಕು ಮಾರಾಯ!" ಎಂದಳು ಪದ್ಮಾವತಿ. ಇಬ್ಬರೂ ಬಿದ್ದುಬಿದ್ದು ನಕ್ಕರು. ಯಾರೋ ಶ್ ಎಂದರು.

ಈಗ ಪ್ರಶ್ನೆ ಒಂದೇ. ಈ ಡಿ ಎಂ ಯಾರು? ಪೆಟ್ಟಿಗೆ ಒಪ್ಪಿಸಿದ ಫಾರಮ್ಮಿನಲ್ಲಿ ರಸೆಲ್ ನಂಬರಿತ್ತು. ಫೋನು ಹಚ್ಚಿದಳು. ಅವೆಲ್ಲ ಅಪ್ಪನವು, ಅಪ್ಪನ ಷೆಡ್ಡಿನಲ್ಲಿದ್ದವು ಎಂದ ಅವನು.

"ನಿಮ್ಮ ತಾಯಿ?"

ಅಮ್ಮ ಇಲ್ಲೇ ವೃದ್ಧಾಶ್ರಮದಲ್ಲಿದ್ದಾಳೆ, ಹುಟ್ಟಿದ್ದು ಅಮೆರಿಕದಲ್ಲಿ, ಆದರೆ ಅವಳಿಗೆ ರಾಜಕೀಯ ಗೀಜಕೀಯ ಗೊತ್ತಿಲ್ಲ ಎಂದ.

"ಮದುವೆಗೆ ಮುಂಚೆ ಅವರ ಹೆಸರು?"

"ಡೋರಿಸ್ ಮ್ಯಾಡೆನ್."

ಪದ್ಮಾವತಿಗೆ ಮೈಯೆಲ್ಲ ಜುಮ್ಮೆಂದಿತು. ಫೋನು ಇಟ್ಟಿದ್ದೂ ನೆನಪಿಲ್ಲ.

ಬುಧವಾರ ರಜೆ ಹಾಕಿ ಅನೂಪನ ಹಳೆಯ ಪಿಕಪ್ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. ಪುಕೆಕೊಹೆಯ ಕೆಂಪು ಮಣ್ಣು, ಸಾಲು ಸಾಲು ಈರುಳ್ಳಿ ಮಡಿಗಳು ಕಂಡದ್ದೇ ತಡ, "ಥೇಟ್ ನಮ್ಮ ಚಳ್ಳಕೆರೆ ಕಡೆ ಥರ ಇದೆ ಕಣೋ!" ಎಂದು ಕಿಟಕಿಯಿಂದ ತಲೆ ಹೊರಹಾಕಿದಳು.

ಡೋರಿಸ್ ಎಂಬತ್ತೆರಡರ ಮುದುಕಿ. ಕಿಟಕಿ ಪಕ್ಕ ಚಹಾ ಹಿಡಿದು ಕೂತಿದ್ದರು. ಗಂಡನ ಕಾಗದಗಳ ಬಗ್ಗೆ ಕೇಳಲು ಬಂದವರೆಂದು ತಿಳಿದು, "ನನಗೇನೂ ಗೊತ್ತಿಲ್ಲ" ಎಂದು ಮುಖ ತಿರುಗಿಸಿದರು. ಪದ್ಮಾವತಿ ಒಂದು ಪತ್ರದ ನಕಲನ್ನು ಅವರ ತೊಡೆಯ ಮೇಲಿಟ್ಟು, ಮೂಲೆಯ ಸಣ್ಣಕ್ಷರದ ಮೇಲೆ ಬೆರಳಿಟ್ಟಳು.

ಡೋರಿಸ್ ಆ ಬೆರಳನ್ನೇ ನೋಡಿದರು. ಆಮೇಲೆ ಪದ್ಮಾವತಿಯ ಮುಖ ನೋಡಿದರು. "ನೀನೂ ಟೈಪಿಸ್ಟಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅಷ್ಟೇ ಸಾಕಾಯಿತು, ಕಟ್ಟೆ ಒಡೆಯಿತು. ಮೂರು ಸಂಘಗಳೂ ಒಂದು ವಿಮೆ ಕಚೇರಿಯ ಹಿಂದಿನ ಕೋಣೆಯಲ್ಲೇ ಇದ್ದವಂತೆ. ಗಂಡಸರು ಮೂವರು ಬಂದು ಹೇಳುವುದು, ಈಕೆ ಬಡಿಯುವುದು. "ಪತ್ರಿಕೆಗಳಿಗೆ 'ನಾಲ್ಕು ಮಕ್ಕಳ ತಾಯಿ' ಎಂದು ಸಹಿ ಹಾಕಿ ನೂರಾರು ಪತ್ರ ಕಳಿಸಿದೆ. ನನಗೆ ಆಗ ಹತ್ತೊಂಬತ್ತು. ಒಂದು ಬೆಕ್ಕು ಕೂಡ ಸಾಕಿರಲಿಲ್ಲ!"

"ನೀವು ಅದನ್ನೆಲ್ಲ ನಂಬಿದ್ರಾ?" ಅನೂಪ್ ಕೇಳಿದ.

"ಅರ್ಧ ನಂಬಿದ್ದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಕೊನೆಗೆ ಕಾರ್ಬನ್ ಪ್ರತಿಗಳನ್ನು ಸುಟ್ಟುಬಿಡು ಎಂದರು. ನಾನು ಸುಡಲಿಲ್ಲ. ಗಾರ್ಡನ್ನನ್ನು ಕಟ್ಟಿಕೊಂಡು ಹಡಗು ಹತ್ತಿದಾಗ ಆ ಹಳೆಯ ಮೆಷಿನ್ನಿನ ಜೊತೆ ಕಂಬಳಿಗಳ ನಡುವೆ ಇಟ್ಟು ತಂದೆ. ಯಾರಾದರೂ ಕೇಳಿದರೆ ಹೇಳೋಣ ಎಂದು ಕಾದೆ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಲೇ ಇಲ್ಲ."

ಪದ್ಮಾವತಿ ಅವರ ಕೈ ಹಿಡಿದುಕೊಂಡು, "ನಾಳೆ ನೋಡ್ತಾ ಇರಿ," ಎಂದಳು.

ಗುರುವಾರ ಸಮಿತಿಯಲ್ಲಿ ಐದು ಜನ. ರಾವಿರಿ ಅವಳಿಗೆ ಹತ್ತು ನಿಮಿಷ ಕೊಡಿಸಿದ್ದ. ಪದ್ಮಾವತಿ ಮೂರು ಪತ್ರಗಳನ್ನು ಮೇಜಿನ ಮೇಲಿಟ್ಟು, ತಲೆಬರಹ, ಸಹಿ ಎಲ್ಲವನ್ನೂ ಕಂದು ಕಾಗದದಿಂದ ಮುಚ್ಚಿದಳು. ಕಾಣುತ್ತಿದ್ದದ್ದು ಕೊನೆಯ ಮೂಲೆ ಮಾತ್ರ. ಅವಳ ಇಂಗ್ಲಿಷು ಹಿರಿಯೂರಿನ ರಾಗದಲ್ಲೇ ಧಡಧಡ ಹೊರಟಿತು.

"ಇವು ಮೂರು ಚಳವಳಿ ಅಲ್ಲ. ಒಂದು ಕೋಣೆ, ಒಂದು ಮೆಷಿನ್ನು, ಒಬ್ಬ ಹುಡುಗಿ. ಅಮೆರಿಕದಲ್ಲಿರುವುದು ಅಂಚೆಗೆ ಹೋದ ಕಾಗದ, ಮೂರು ಊರಲ್ಲಿ ಚೂರು ಚೂರು. ಅವನ್ನು ಹುಟ್ಟಿಸಿದ ಕೋಣೆ ಪೂರ್ತಿಯಾಗಿರುವುದು ನಮ್ಮ ಹನ್ನೊಂದು ಪೆಟ್ಟಿಗೆಯಲ್ಲಿ. ಬಡಿದಾಕೆ ಪುಕೆಕೊಹೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾರೆ. ಇದನ್ನು ಚೂರು ಮಾಡ್ತೀರಾ?"

ರಾವಿರಿ ತನ್ನ ಶಿಫಾರಸಿನ ಹಾಳೆಯನ್ನು ಎತ್ತಿ, ಎರಡಾಗಿ ಮಡಚಿ, ಜೇಬಿಗಿಟ್ಟುಕೊಂಡ. ಉಳಿದವರೂ ಬೇಡ ಎನ್ನಲಿಲ್ಲ. ಪೆಟ್ಟಿಗೆಗಳು ಉಳಿದವು. ಪದ್ಮಾವತಿ ಕಾರಿಡಾರಿಗೆ ಬಂದು ಒಂದು ಸುತ್ತು ಕುಣಿದೇಬಿಟ್ಟಳು, ಐವತ್ತೈದರ ಮಂಡಿನೋವಿನ ಸಮೇತ.

ಮಧ್ಯಾಹ್ನವೇ ಸೂಚಿಯಲ್ಲಿದ್ದ 'ಗಾರ್ಡನ್ ವಿಲ್ಕಿ ಕಾಗದಪತ್ರಗಳು' ಎಂಬುದನ್ನು ಅಳಿಸಿ 'ಡೋರಿಸ್ ಮ್ಯಾಡೆನ್ ವಿಲ್ಕಿ' ಎಂದು ಬರೆದಳು. ರಾವಿರಿ ಹೇಳಿದಂತೆ ಡೋರಿಸ್‌ಗೆ ಒಂದು ಪತ್ರ ಸಿದ್ಧಮಾಡಿದಳು: ಸಂಗ್ರಹ ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ, ನಿಮ್ಮ ಮಾತುಗಳನ್ನು ದಾಖಲಿಸಲು ಬರಬಹುದೇ? ಕೆಳಗೆ ಎಡಮೂಲೆಯಲ್ಲಿ ರಾವಿರಿಯ ದೊಡ್ಡಕ್ಷರ, ಓರೆಗೆರೆ, ಪಿ ಟಿ. ಇದೇನು ಎಂದು ರಾವಿರಿ ಕೇಳಿದ. ಓದುವವರಿಗೆ ಗೊತ್ತಾಗುತ್ತದೆ ಎಂದಳು.

ಮುಂದಿನ ವಾರ ಉತ್ತರ ಬಂತು. ರಸೆಲ್ ಷೆಡ್ಡಿನಿಂದ ಟೈಪ್‌ರೈಟರ್ ಹೊತ್ತು ತಂದುಕೊಟ್ಟಿರಬೇಕು. ಸಣ್ಣ 'ಎ' ಈಗಲೂ ಸಾಲಿಂದ ಕೆಳಗೇ ಕೂತಿತ್ತು. ಎರಡೇ ಸಾಲು: ಮಂಗಳವಾರ ಬನ್ನಿ, ನಾನು ಹೇಳುವುದು ಬೇಕಾದಷ್ಟಿದೆ. ಕೆಳಗೆ ಎಡಮೂಲೆಯಲ್ಲಿ, ಗೆರೆಯ ಈಚೆ ದೊಡ್ಡಕ್ಷರದಲ್ಲಿ ಡಿ ಎಂ. ಆಚೆ ಸಣ್ಣಕ್ಷರದಲ್ಲಿ ಮತ್ತೆ ಡಿ ಎಂ.

"ಎರಡು ಸಲ ಯಾಕ್ರೀ ಆಂಟಿ?" ಅನೂಪ್ ಇಣುಕಿದ. "ಅಜ್ಜಿ ತಪ್ಪು ಹೊಡದಾರೇನು?"

"ತಪ್ಪಲ್ಲ ಕಣಪ್ಪ," ಎಂದಳು ಪದ್ಮಾವತಿ, ಸೆರಗಿನ ಬದಲು ಜಾಕೆಟ್ಟಿನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಈ ಸಲ ಹೇಳಿದ್ದೂ ಅವರೇ, ಬಡಿದಿದ್ದೂ ಅವರೇ."